ಅವರೇ ಹೇಳಬೇಕು

ಬೀಗ ಈಗ ಸದ್ದು ಮಾಡುತ್ತಿರಲಿಲ್ಲ. ಮೊದಲಾದರೆ ಬಾಗಿಲನ್ನು ಮೊಣಕಾಲಿನಿಂದ ಒತ್ತಿ, ತುಸು ಮೇಲಕ್ಕೆತ್ತಿ, ಕೀಲಿಯನ್ನು ಅತ್ತ ಇತ್ತ ತಿರುವಿ, ಮನಸ್ಸಿನಲ್ಲೇ ಒಂದು ಶಾಪ ಹಾಕಿದ ಮೇಲೆ ಅದು ಹಲ್ಲು ಕಡಿದಂತೆ ಕರಕರ ಎನ್ನುತ್ತ ತೆರೆದುಕೊಳ್ಳುತ್ತಿತ್ತು. ಯಾರು ಬಂದರು ಯಾರು ಹೋದರು ಎಂಬುದು ಅಡುಗೆಮನೆಯಲ್ಲಿದ್ದ ಅಮ್ಮನಿಗೂ, ಮಹಡಿಯ ಕೋಣೆಯಲ್ಲಿ ಕಿವಿಗೆ ಹಾಡು ತುರುಕಿಕೊಂಡಿದ್ದ ತಂಗಿಗೂ ತಿಳಿಯುತ್ತಿತ್ತು. ಈಗ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಇವತ್ತು ಬೆಳಿಗ್ಗೆ ಕೋರ್ಟಿಗೆ ಹೊರಟವಳು ಹೊಸ್ತಿಲ ಮೇಲೆ ನಿಂತು ಕೀಲಿಯನ್ನು ಒಮ್ಮೆ ತಿರುಗಿಸಿ, ಮತ್ತೆ ಹಿಂದಕ್ಕೆ ತಿರುಗಿಸಿ, ಕಿವಿಗೊಟ್ಟಳು. ಏನೂ ಕೇಳಲಿಲ್ಲ, ತನ್ನ ಉಸಿರಿನ ಹೊರತು. "ಇನ್ನೂ ಹೋಗಿಲ್ವೇನೇ ನೀನು?" ಎಂದು ಹಿಂದಿನಿಂದ ಅಮ್ಮನ ದನಿ ಬಂದಾಗ ಕದಿಯುವಾಗ ಸಿಕ್ಕಿಬಿದ್ದವಳಂತೆ ಬೆಚ್ಚಿದಳು.

ಅಮ್ಮ ಒದ್ದೆ ಕೈಯನ್ನು ಟವೆಲಿಗೆ ಒರೆಸಿಕೊಳ್ಳುತ್ತ ಹತ್ತಿರ ಬಂದು ದನಿ ತಗ್ಗಿಸಿದಳು. "ನಾನು ಹೇಳಿದ್ದು ನೆನಪಿದೆಯಲ್ಲ?"

"ಹ್ಞೂಂ."

"ಹ್ಞೂಂ ಅಂದ್ರೆ ಸಾಲದು. ನಿಮ್ಮ ಮೇಡಮ್ಮೇ ಕೇಳಲಿ, ಜಡ್ಜೇ ಕೇಳಲಿ, ಅವನು ಈ ಮನೆಗೆ ಕಾಲಿಟ್ಟಿದ್ದ ಅನ್ನೋದು ನಿನ್ನ ಬಾಯಿಂದ ಬರಕೂಡದು. ಅಪ್ಪ ಊರಲ್ಲಿಲ್ಲ. ಇರೋದು ನಾವು ಮೂರು ಹೆಂಗಸರು. ನಾಳೆ ಪೇಪರಲ್ಲಿ ನಮ್ಮ ಮನೆ ಬಂದ್ರೆ ನಾನು ಯಾರಿಗೆ ಅಂತ ಮುಖ ತೋರಿಸಲಿ?"

ಅವಳು ತಲೆಯಾಡಿಸಿ ಮೆಟ್ಟಿಲಿಳಿದಳು. ಅದು ಒಪ್ಪಿಗೆಯೋ, ಮಾತು ಮುಗಿಸುವ ಉಪಾಯವೋ ಅವಳಿಗೇ ಸ್ಪಷ್ಟವಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಹೊರಗೆ ಅಂಗಡಿಗಳು ಒಂದೊಂದಾಗಿ ಕಬ್ಬಿಣದ ಷಟರು ಎತ್ತುತ್ತಿದ್ದವು. ಪ್ರತಿ ಷಟರಿನ ಕೆಳಗೂ ಒಬ್ಬ ಮನುಷ್ಯ ಕುಕ್ಕರಗಾಲಿನಲ್ಲಿ ಕೂತು ಬೀಗ ತೆಗೆಯುತ್ತಿದ್ದ. ಊರಿನಲ್ಲಿ ಇಷ್ಟೊಂದು ಬೀಗಗಳಿವೆಯೆಂಬುದು ಕೆಲವು ತಿಂಗಳ ಹಿಂದಿನವರೆಗೆ ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ. ಆ ಬೀಗ ರಿಪೇರಿಯವನೂ ಹೀಗೆಯೇ ಕೂರುತ್ತಿದ್ದ, ಜೈಲಿನಲ್ಲಿ ಕೂಡ. ಕುರ್ಚಿ ಕೊಟ್ಟರೂ ಅದರ ಅಂಚಿನ ಮೇಲೆ, ಈಗಲೋ ಆಗಲೋ ನೆಲಕ್ಕೆ ಇಳಿಯುವವನ ಹಾಗೆ, ಮೊಣಕಾಲುಗಳನ್ನು ಎದೆಗೆ ಎಳೆದುಕೊಂಡು. ಕಾನೂನು ಕಾಲೇಜಿನ ಕೊನೆಯ ವರ್ಷದವರು ವಾರಕ್ಕೊಮ್ಮೆ ಜೈಲಿಗೆ ಹೋಗಿ, ವಕೀಲರನ್ನಿಡಲು ಗತಿಯಿಲ್ಲದ ಕೈದಿಗಳ ಮಾತು ಕೇಳಿ, ಅರ್ಜಿಗಳ ಕರಡು ಬರೆಯಬೇಕಿತ್ತು. ಉಚಿತ ಕಾನೂನು ಸೇವಾ ಕೇಂದ್ರದ ವಕೀಲೆ ಅದನ್ನು ತಿದ್ದಿ ಕೋರ್ಟಿನಲ್ಲಿ ವಾದಿಸುತ್ತಿದ್ದರು. ವಿದ್ಯಾರ್ಥಿಗಳೆಲ್ಲ ಅವರನ್ನು ಬರಿ 'ಮೇಡಂ' ಎನ್ನುತ್ತಿದ್ದರು. ಮೊದಲ ದಿನ ಗೇಟಿನ ಹತ್ತಿರ ಹೆಂಗಸು ಪೇದೆ ಅವಳ ಚೀಲವನ್ನು ಮೇಜಿನ ಮೇಲೆ ತಲೆಕೆಳಗು ಮಾಡಿದಾಗ ಬಾಚಣಿಗೆ, ಅರ್ಧ ತಿಂದ ಬಿಸ್ಕತ್ತು, ತಿಂಗಳ ದಿನಗಳಿಗೆಂದು ಮಡಿಸಿಟ್ಟುಕೊಂಡಿದ್ದ ಪ್ಯಾಡು ಎಲ್ಲ ಸಾಲಾಗಿ ಬಿದ್ದವು. ಹಿಂದೆ ನಿಂತಿದ್ದ ಸಹಪಾಠಿ ಚಾವಣಿ ನೋಡುತ್ತ ಸಿಳ್ಳೆ ಹಾಕಿದ. ಮಾತಿಗೆ ಮೊದಲು ಎರಡು ಬೆರಳೆತ್ತಿ 'ಪಾಯಿಂಟ್ ಏನಪ್ಪಾ ಅಂದ್ರೆ' ಎನ್ನುವ ಅಭ್ಯಾಸದಿಂದ ಅವನಿಗೆ ಕಾಲೇಜಿನಲ್ಲಿ ಪಾಯಿಂಟ್ ಎಂದೇ ಹೆಸರು. ಆ ಅವಮಾನ ಇನ್ನೂ ಕೆನ್ನೆಯ ಮೇಲೆ ಬಿಸಿಯಾಗಿರುವಾಗಲೇ ಅವಳು ಬೀಗದವನ ಎದುರು ಕೂತಿದ್ದಳು.

ಅವನ ಮೇಲಿದ್ದ ಆರೋಪವನ್ನು ಅವಳು ಓದಿಕೊಂಡು ಬಂದಿದ್ದಳು. ಒಬ್ಬಂಟಿಯಾಗಿದ್ದ ನಿವೃತ್ತ ಶಾಲಾ ಶಿಕ್ಷಕಿಯ ಮನೆಗೆ ಯಾರೋ ನುಗ್ಗಿದ್ದರು. ಬಾಗಿಲು ಮುರಿದಿರಲಿಲ್ಲ, ಕಿಟಕಿ ಒಡೆದಿರಲಿಲ್ಲ; ಕೀಲಿ ಇದ್ದವರಂತೆ ಒಳಗೆ ಬಂದಿದ್ದರು. ಮುದುಕಿ ಎಚ್ಚರಗೊಂಡು ಎದ್ದು ಕೂತದ್ದೇ ತಪ್ಪಾಯಿತು. ತಳ್ಳಿದ ರಭಸಕ್ಕೆ ಸೊಂಟದ ಮೂಳೆ ಮುರಿದು, ಆಕೆ ಮತ್ತೆ ಕಾಲಮೇಲೆ ನಿಲ್ಲಲಿಲ್ಲ. ತಳ್ಳಿದವನ ಮುಖ ಕಾಣಲಿಲ್ಲ ಎಂದು ಆಕೆಯೇ ಹೇಳಿದ್ದಳು. ಅದಕ್ಕೆ ಹಿಂದಿನ ತಿಂಗಳು ಆ ಮನೆಯ ಬೀಗ ರಿಪೇರಿ ಮಾಡಿದ್ದವನು ಇವನು. ಪೊಲೀಸರ ಹತ್ತಿರ ಇದ್ದದ್ದು ಇಷ್ಟೇ. 'ಅವನು ಮಾಡಿದ್ನಾ ಇಲ್ವಾ ಅಂತ ಮಾತ್ರ ಕೇಳಬೇಡಿ, ಅದು ನಮ್ಮ ಕೆಲಸ ಅಲ್ಲ. ಅವನ ಕಸುಬಿನ ಬಗ್ಗೆ ಮಾತಾಡಿ, ತಾನಾಗಿ ಬಾಯಿ ಬಿಡ್ತಾನೆ' ಎಂದು ಮೇಡಂ ಹೇಳಿಕೊಟ್ಟಿದ್ದರು. ಅವಳು ಅದನ್ನು ಅಕ್ಷರಶಃ ಪಾಲಿಸಿದ್ದಳು. "ನಮ್ಮನೆ ಬೀಗಾನೂ ಹಾಗೇ, ಬಾಗಿಲು ಎತ್ತಿ ಹಿಡಿಯದೆ ತೆಗೆಯೋಕೆ ಬರಲ್ಲ" ಎಂದಿದ್ದಳು, ನಕ್ಕು, ಅವನನ್ನೂ ನಗಿಸಲೆಂದು. ಅವನು ನಗಲಿಲ್ಲ. ರೋಗಿಯ ಮಾತು ಕೇಳುವ ವೈದ್ಯನಂತೆ ತಲೆ ವಾರೆ ಮಾಡಿ, "ಬೀಗದ ತಪ್ಪಿರಲ್ಲ ಲಾಯರಮ್ಮ. ಬಾಗಿಲು ಜಗ್ಗಿರುತ್ತೆ. ಎಲ್ಲಿ ನಿಮ್ಮನೆ?" ಎಂದ. ನೀರಿನ ಟ್ಯಾಂಕಿನ ಹಿಂದಿನ ಬೀದಿ ಎಂದು ಅವಳೇ ಹೇಳಿದ್ದಳು. ನೀಲಿ ಗೇಟು ಎಂದೂ ಹೇಳಿದ್ದಳೇನೋ. ಯಾಕೆ ಹೇಳಿದೆ? ಬಸ್ಸಿನಲ್ಲಿ ಮುಂದಿನ ಸೀಟಿನ ಸರಳನ್ನು ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು. ಯಾರಾದರೂ ಮನೆ ಎಲ್ಲಿ ಎಂದರೆ ಹೇಳುವುದು ಬಾಯಿಯ ಅಭ್ಯಾಸ, ಅಷ್ಟೇ.

ಅವನಿಗೆ ಜಾಮೀನು ಸಿಕ್ಕಿದ್ದು ಅವಳಿಂದ. ಪೊಲೀಸರು ನಿಗದಿತ ಅವಧಿಯೊಳಗೆ ಚಾರ್ಜ್‌ಶೀಟ್ ಹಾಕಿರಲಿಲ್ಲ. ಹಾಗೆ ತಡಮಾಡಿದರೆ ಜಾಮೀನು ಕೈದಿಯ ಹಕ್ಕು, ಯಾರೂ ಇಲ್ಲವೆನ್ನುವಂತಿಲ್ಲ. ಕ್ಯಾಲೆಂಡರಿನ ಮುಂದೆ ಕೂತು ಅದನ್ನು ಕಂಡುಹಿಡಿದವಳು ಅವಳು. ಕರಡಿನ ಕೊನೆಯಲ್ಲಿ, ಬೇಕಿಲ್ಲದಿದ್ದರೂ, 'ಬೀಗ ಬಲ್ಲವನೆಲ್ಲ ಕಳ್ಳನಾದರೆ ಔಷಧಿ ಬಲ್ಲವರೆಲ್ಲ ಕೊಲೆಗಾರರಾಗಬೇಕು' ಎಂದು ಬರೆದಿದ್ದಳು. ಮೇಡಂ ಅದನ್ನು ಹೊಡೆದುಹಾಕದೆ ಕೋರ್ಟಿನಲ್ಲಿ ಹಾಗೆಯೇ ಹೇಳಿದರು. ಮ್ಯಾಜಿಸ್ಟ್ರೇಟರ ತುಟಿಯಂಚಿನಲ್ಲಿ ನಗು ಬಂತು. "ನೀನು ಮುಂದೆ ಬರ್ತೀಯ ಕಣಮ್ಮ" ಎಂದು ಮೇಡಂ ಕಾರಿಡಾರಿನಲ್ಲಿ ಬೆನ್ನು ತಟ್ಟಿದಾಗ ಅವಳ ಕಣ್ಣುಗಳು ಒದ್ದೆಯಾದವು. ಪಾಯಿಂಟ್ ಮಾತ್ರ, "ನೋಡ್ಕೋ, ಹೊರಗೆ ಬಂದ್ಮೇಲೆ ಮೊದಲು ನಿಮ್ಮನೇಗೇ ಬರ್ತಾನೆ ಥ್ಯಾಂಕ್ಸ್ ಹೇಳೋಕೆ" ಎಂದು ನಕ್ಕಿದ್ದ. ಜಾಮೀನಿಗೆ ಇದ್ದ ಷರತ್ತು ಒಂದೇ: ಪ್ರತಿ ಭಾನುವಾರ ಮಧ್ಯಾಹ್ನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಅದನ್ನು ಅವನಿಗೆ ಬಿಡಿಸಿ ಹೇಳಿದ್ದೂ ಅವಳೇ. "ಮರೆತರೆ ಮತ್ತೆ ಒಳಗೆ ಹೋಗ್ತೀರಿ, ಗೊತ್ತಾಯ್ತಾ?" ಎಂದು ಮಗುವಿಗೆ ಹೇಳುವಂತೆ ಎರಡು ಸಲ ಹೇಳಿದ್ದಳು.

ಅವನು ಬಿಡುಗಡೆಯಾದ ಮೇಲಿನ ಒಂದು ಭಾನುವಾರ ಅವಳು ಲೈಬ್ರರಿಯಿಂದ ಬಂದಾಗ ನೀಲಿ ಗೇಟಿನ ಒಳಗೆ ಯಾರೋ ಗಂಡಸಿನ ಚಪ್ಪಲಿ ಇತ್ತು. ಮುಂಬಾಗಿಲು ಹಾರು ಹೊಡೆದಿತ್ತು. ಬೀಗವಿದ್ದ ಜಾಗದಲ್ಲಿ ಒಂದು ತೂತು. ಅದರೊಳಗಿಂದ ಹಾಲಿನ ಗೋಡೆ, ಗೋಡೆಯ ಮೇಲಿನ ಅಪ್ಪನ ಫೋಟೋದ ಒಂದು ತುಣುಕು ಕಾಣುತ್ತಿತ್ತು. ಬೀಗದವನು ನೆಲದ ಮೇಲೆ ಹಳೆ ಬಟ್ಟೆ ಹಾಸಿಕೊಂಡು, ಬಿಚ್ಚಿದ ಬೀಗದ ಹೊಟ್ಟೆಯೊಳಗಿನ ಪುಟ್ಟ ಪುಟ್ಟ ತುಂಡುಗಳನ್ನು ಸಾಲಾಗಿ ಜೋಡಿಸಿಕೊಂಡು ಕೂತಿದ್ದ. ಪಕ್ಕದಲ್ಲಿ ಖಾಲಿಯಾದ ಟೀ ಕಪ್ಪು. "ಬಂದ್ಯಾ? ನಿನಗೆ ಗೊತ್ತಿರೋರಂತೆ. ನೀನೇ ಕಳಿಸಿದ್ದು ಅಂದ್ಕೊಂಡೆ" ಎಂದಳು ಅಮ್ಮ, ಬಹಳ ದಿನದ ಮೇಲೆ ಅರಳಿದ ಮುಖದಲ್ಲಿ. "ದುಡ್ಡೇ ಬೇಡ ಅಂತಾರೆ ನೋಡು. ಈ ಕಾಲದಲ್ಲಿ ಯಾರಿರ್ತಾರೆ ಹೀಗೆ!" ಅವನು ತಲೆಯೆತ್ತಿ ನಕ್ಕ. ಜೈಲಿನಲ್ಲಿ ಅವನ ನಗುವನ್ನು ಅವಳು ಕಂಡೇ ಇರಲಿಲ್ಲ. ಹಲ್ಲುಗಳು ಚಿಕ್ಕವು, ಒತ್ತೊತ್ತಾಗಿದ್ದವು. "ಬಾಗಿಲು ಜಗ್ಗಿತ್ತು ಲಾಯರಮ್ಮ, ನಾನು ಹೇಳಿರ್ಲಿಲ್ವಾ?"

ಅವಳಿಗೆ ಬಂದದ್ದು ಭಯವಲ್ಲ, ಸಿಟ್ಟು. ತನ್ನ ಮನೆಯ ಒಳಗನ್ನು, ಸೋಫಾದ ಮೇಲೆ ಒಣಗಲು ಹಾಕಿದ್ದ ಒಳಬಟ್ಟೆಗಳನ್ನು, ತಂಗಿ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಅವನ ಕೆಲಸ ನೋಡುತ್ತಿದ್ದುದನ್ನು ಅವನು ನೋಡಿಬಿಟ್ಟನಲ್ಲ ಎಂಬ ಸಿಟ್ಟು. ಆ ಸಿಟ್ಟಿನ ಹಿಂದೆಯೇ ನಾಚಿಕೆ: ಎಲ್ಲ ಮನುಷ್ಯರೂ ಕಾನೂನಿನ ಮುಂದೆ ಒಂದೇ ಎಂದು ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಗೆದ್ದವಳಲ್ಲವೇ ತಾನು? "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದಳು, ಕೂತೇ ಇದ್ದವನಿಗೆ. ಕೆಲಸ ಮುಗಿಯುತ್ತ ಬಂದಾಗ ಅವನು ಗೋಡೆಗಳ ಮೇಲೆ ಕಣ್ಣಾಡಿಸಿ, "ಹೊತ್ತೆಷ್ಟಾಯ್ತು?" ಎಂದು ಕೇಳಿದ. ಹಾಲಿನಲ್ಲಿ ಗಡಿಯಾರವಿರಲಿಲ್ಲ. ಅವಳ ಕೈಯಲ್ಲಿತ್ತು. ಅವಳು ನೋಡಿಕೊಂಡಳು. ಈಗಲೇ ಎದ್ದು ಓಡಿದರೆ ಠಾಣೆ ತಲುಪಬಹುದಾದಷ್ಟು ಹೊತ್ತಿತ್ತು. ಬಾಯಿ ತೆರೆಯುವಷ್ಟರಲ್ಲಿ ಅಮ್ಮ, "ಏನ್ ಅರ್ಜೆಂಟು? ಇನ್ನೂ ಬೇಕಾದಷ್ಟು ಹೊತ್ತಿದೆ. ಹಿತ್ತಲ ಬಾಗಿಲು ನೆಲಕ್ಕೆ ಉಜ್ಜುತ್ತೆ, ಅದನ್ನೂ ಒಂಚೂರು ನೋಡಿಬಿಡಪ್ಪ" ಎಂದಳು. ಅವನು ಅಮ್ಮನನ್ನು ನೋಡಿದ, ಆಮೇಲೆ ಅವಳನ್ನು. ಠಾಣೆ ಎಂಬ ಮಾತನ್ನು ಅಮ್ಮನ ಮುಂದೆ ಆಡಿದರೆ ಅವನು ಯಾರು, ಎಲ್ಲಿಂದ ಬಂದವನು, ಯಾವ ಮುದುಕಿಯ ಮನೆ, ಎಲ್ಲ ಈ ಹಾಲಿನಲ್ಲಿ ಬಿಚ್ಚಿಕೊಳ್ಳುತ್ತದೆ. ಅವಳು ಸುಮ್ಮನಿದ್ದಳು. ಅವನು ಉಪಕರಣದ ಚೀಲ ಎತ್ತಿಕೊಂಡು ಹಿತ್ತಲಿಗೆ ನಡೆದ. ಹೊರಡುವ ಮೊದಲು ಕೀಲಿಗಳನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಒಂದೊಂದು ಇದೆ ಎಂದ. ತಂಗಿಗೆ ಹುಡುಗಾಟ. "ನಿಮಗೊಂದು ಇಟ್ಕೊಂಡಿಲ್ವಾ ಅಂಕಲ್?" ಎಂದಳು. ಅವನೂ ನಕ್ಕ. "ಬೀಗ ಮಾಡೋನಿಗೆ ಕೀಲಿ ಯಾಕಮ್ಮ?"

ಅಂದಿನಿಂದ ಕತ್ತಲಾಗುತ್ತಲೇ ಅವಳು ಮುಂಬಾಗಿಲಿಗೆ ಒಂದು ಕುರ್ಚಿ, ಹಿತ್ತಲ ಬಾಗಿಲಿಗೆ ಖಾಲಿ ಬಕೆಟ್ಟು ಆನಿಸಿಡತೊಡಗಿದಳು. ಅಮ್ಮ ಯಾಕೆಂದು ಕೇಳಿದರೆ ಇಲಿ ಎಂದಳು. ಇಲಿಗೆ ಕುರ್ಚಿ ಯಾಕೆ ಎಂದು ತಂಗಿ ನಕ್ಕಳು. ಅವನ ಮಾತನ್ನು ಅವಳು ಬಾಯಲ್ಲಿಟ್ಟು ನೂರು ರೀತಿ ಹೊರಳಿಸಿ ನೋಡಿದಳು. ಕಸುಬಿನವನ ಹೆಮ್ಮೆಯ ಮಾತು ಅದು. ದರ್ಜಿ, ಅಳತೆ ಬೇಡ, ನೋಡಿದರೆ ಸಾಕು ಎನ್ನುವುದಿಲ್ಲವೇ? ಹಗಲಲ್ಲಿ ಅದು ಹಾಗೆಯೇ ಇರುತ್ತಿತ್ತು. ದೀಪ ಆರಿಸಿದ ಮೇಲೆ ಅದೇ ಮಾತಿಗೆ ಚಿಕ್ಕ ಚಿಕ್ಕ ಒತ್ತೊತ್ತಾದ ಹಲ್ಲುಗಳು ಮೂಡುತ್ತಿದ್ದವು.

ಮೂರು ದಿನ ಬಿಟ್ಟು ಕ್ಲಾಸಿನಲ್ಲಿ ಪಾಯಿಂಟ್ ಹಿಂದಿನ ಬೆಂಚಿನಿಂದ ಬಾಗಿ, "ನಿನ್ನ ಬೀಗದವನನ್ನ ಮತ್ತೆ ಎತ್ತಾಕ್ಕೊಂಡು ಹೋದ್ರಂತೆ" ಎಂದ. ಅವನ ದನಿಯಲ್ಲಿ ಹಬ್ಬವಿತ್ತು. ಭಾನುವಾರ ಮಧ್ಯಾಹ್ನದ ಮುಂಚೆ, ಮನೆಯವರೆಲ್ಲ ಹೊರಗೆ ಹೋಗಿದ್ದಾಗ, ಊರಿನ ಇನ್ನೊಂದು ತುದಿಯಲ್ಲಿ ಒಂದು ಮನೆ ಲೂಟಿಯಾಗಿತ್ತು. ಬಾಗಿಲು ಮುರಿದಿರಲಿಲ್ಲ. ಅದೇ ಹೊತ್ತಿನಲ್ಲಿ ಬೀಗದವನು ಸಹಿಗೆ ಬಂದಿರಲಿಲ್ಲ. "ಪಾಯಿಂಟ್ ಏನಪ್ಪಾ ಅಂದ್ರೆ, ಬರಲಿಲ್ಲ ಯಾಕೆ? ಆ ಕಡೆ ಕೆಲಸ ಇತ್ತು!" ಜಾಮೀನು ರದ್ದು ಮಾಡಲು ಸರ್ಕಾರಿ ವಕೀಲರು ಅರ್ಜಿ ಹಾಕಿದ್ದರು. ಅವಳು ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದಳು, ಮುದುಕಿಯಿಂದ ಹಿಡಿದು. ಅಮ್ಮ ಎದ್ದು ಹೋಗಿ, ಅವನು ಟೀ ಕುಡಿದ ಕಪ್ಪನ್ನು ಕಪಾಟಿನಿಂದ ಹುಡುಕಿ ತೆಗೆದು ಕಸದ ಡಬ್ಬಕ್ಕೆ ಹಾಕಿದಳು.

"ಆದ್ರೆ ಅಮ್ಮ, ಆ ಹೊತ್ತಿಗೆ ಅವನು ಇಲ್ಲಿದ್ದ. ಹಿತ್ತಲ ಬಾಗಿಲು ಮಾಡ್ತಾ ಇದ್ದ. ಆ ಮನೆ ಇವನಲ್ಲ. ನಮಗೆ ಗೊತ್ತು."

"ನಮಗೆ ಗೊತ್ತು, ಸರಿ. ಮುದುಕೀದು?"

"ಅದು ಬೇರೆ ಕೇಸು."

"ನಿಮಗೆ ಬೇರೆ ಕೇಸು. ಸೊಂಟ ಮುರ್ಕೊಂಡೋಳಿಗೆ ಒಂದೇ ಸೊಂಟ." ಅಮ್ಮ ಕೂತಳು. "ಅವನು ಒಳಗಿದ್ರೆ ನಾವು ಹೊರಗೆ ನೆಮ್ಮದಿಯಾಗಿರ್ತೀವಿ. ನಾವು ಏನೂ ಸುಳ್ಳು ಹೇಳ್ತಿಲ್ಲ. ಸುಮ್ಮನಿರ್ತೀವಿ, ಅಷ್ಟೇ. ಸುಮ್ಮನಿರೋದು ತಪ್ಪು ಅಂತ ನಿಮ್ಮ ಯಾವ ಪುಸ್ತಕದಲ್ಲಿದೆ ತೋರಿಸು."

ಬಸ್ಸು ಕೋರ್ಟಿನ ಮುಂದೆ ನಿಂತಾಗ ಅವಳು ಇನ್ನೂ ಆ ಪುಸ್ತಕವನ್ನು ಹುಡುಕುತ್ತಿದ್ದಳು. ಕೋರ್ಟ್ ಹಾಲಿನಲ್ಲಿ ಮುಂದಿನ ಬೆಂಚಿನ ಮೂಲೆಯಲ್ಲಿ ಕೂತದ್ದೇ ತಡ, ಜವಾನ ಬಂದು, "ಅದು ವಕೀಲರಿಗೆ. ಸ್ಟೂಡೆಂಟ್ಸ್ ಎಲ್ಲ ಹಿಂದೆ" ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿ ಎಬ್ಬಿಸಿದ. ಹಿಂದೆ ಜಾಗವಿರಲಿಲ್ಲ. ಗೋಡೆಗೊರಗಿ ನಿಂತಳು. ಇಲ್ಲಿ ತನ್ನನ್ನು ಯಾರೂ ವಕೀಲೆಯೆಂದು ಎಣಿಸುವುದಿಲ್ಲ, ಸಾಕ್ಷಿಯೆಂದೂ ಎಣಿಸುವುದಿಲ್ಲ. ಗೋಡೆಗೆ ಒರಗಿಸಿಟ್ಟ ಛತ್ರಿಯ ಹಾಗೆ ತಾನು. ಆ ಯೋಚನೆಯಿಂದ ಒಂದು ಕ್ಷಣ ಹಾಯೆನಿಸಿತು. ಛತ್ರಿಯನ್ನು ಯಾರು ಏನು ಕೇಳುತ್ತಾರೆ? ಆಗ ಮೇಡಂ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿ ಕರೆದರು.

ಕಾರಿಡಾರಿನಲ್ಲಿ ಅವನನ್ನು ಕರೆತಂದಿದ್ದರು. ಇಬ್ಬರು ಪೇದೆಗಳ ನಡುವೆ ಇನ್ನೂ ಕುಳ್ಳಗೆ ಕಂಡ. ಮೇಲ್ತುಟಿ ಬಾತಿತ್ತು. ಮೇಡಂ ಕೈಗಡಿಯಾರ ನೋಡಿಕೊಂಡು, "ನೋಡಪ್ಪ, ಇನ್ನು ಸ್ವಲ್ಪ ಹೊತ್ತಲ್ಲಿ ನಮ್ಮನ್ನ ಕರೀತಾರೆ. ಒಂದೇ ಪ್ರಶ್ನೆ. ಭಾನುವಾರ ಆ ಹೊತ್ತಲ್ಲಿ ಎಲ್ಲಿದ್ದೆ?" ಎಂದರು.

"ಒಬ್ಬರ ಮನೇಲಿ ಕೆಲ್ಸ ಮಾಡ್ತಿದ್ದೆ ಮೇಡಂ."

"ಯಾರ ಮನೇಲಿ? ಹೆಸರು ಹೇಳು. ಅವರನ್ನ ಕರೆಸ್ತೀನಿ. ಅವರೊಂದು ಮಾತು ಹೇಳಿದ್ರೆ ಈಗಲೇ ಮುಗಿದುಹೋಗುತ್ತೆ."

ಅವನು ಮೇಡಂ ಅವರನ್ನೇ ನೋಡುತ್ತಿದ್ದ. ಅವಳ ಕಡೆ ತಿರುಗಲಿಲ್ಲ. ತಿರುಗಬಾರದೆಂದು ಕತ್ತನ್ನು ಬಿಗಿಹಿಡಿದವನಂತೆ ಅವನ ಕುತ್ತಿಗೆಯ ನರ ಎದ್ದಿತ್ತು. ಅವಳು ಕೈಚಾಚಿದರೆ ತಾಗುವಷ್ಟು ಹತ್ತಿರ, ಫೈಲನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

"ಅದನ್ನ ಅವರೇ ಹೇಳಬೇಕು ಮೇಡಂ" ಎಂದ.

"ಏನು ತಮಾಷೆ ಮಾಡ್ತಿದ್ದೀಯಾ? ಅವರಿಗೇನು ಕನಸು ಬೀಳುತ್ತಾ, ಬಂದು ಹೇಳೋಕೆ?"

"ಅವರೇ ಹೇಳಬೇಕು."

ಪೇದೆಯೊಬ್ಬ ಕಿಸಕ್ಕನೆ ನಕ್ಕ. ಮೇಡಂ ಸಿಟ್ಟಿನಿಂದ ಅವಳ ಕಡೆ ತಿರುಗಿದರು. "ನಿನ್ನ ಹತ್ರ ಚೆನ್ನಾಗಿ ಮಾತಾಡ್ತಾನಲ್ಲ. ನಿನಗೇನಾದ್ರೂ ಹೇಳಿದ್ನಾ? ನಿನಗೇನಾದ್ರೂ ಗೊತ್ತಾ?"

ಅಮ್ಮ ಇದನ್ನು ಎಣಿಸಿರಲಿಲ್ಲ. ಸುಮ್ಮನಿರುವುದು ತಪ್ಪಲ್ಲ ಎಂದಿದ್ದಳು, ಆದರೆ ಮುಖಕ್ಕೆ ಮುಖ ಕೊಟ್ಟು ಕೇಳಿದಾಗ ಸುಮ್ಮನಿರುವುದು ಹೇಗೆಂದು ಹೇಳಿಕೊಟ್ಟಿರಲಿಲ್ಲ. 'ನಮ್ಮನೆಯಲ್ಲಿ ಇದ್ದ' ಎನ್ನಲು ಎಷ್ಟು ಹೊತ್ತು ಬೇಕು? ಎರಡು ಪದ. ಆ ಎರಡು ಪದಗಳ ಹಿಂದೆ ಕೈದಿಗಳೊಡನೆ ಹೊರಗಿನ ಒಡನಾಟ ಕೂಡದೆಂಬ ಕೇಂದ್ರದ ನಿಯಮ, ಕಕ್ಷಿದಾರನಿಂದ ಪುಕ್ಕಟೆ ಕೆಲಸ ಮಾಡಿಸಿಕೊಂಡವಳೆಂಬ ಮೇಡಂ ಅವರ ನೋಟ, ಪಾಯಿಂಟನ ಸಿಳ್ಳೆ, ಅಮ್ಮನ ಮುಖ, ಬೀದಿಯ ಮನೆಗಳ ಕಿಟಕಿಗಳು ಎಲ್ಲ ಸಾಲುಗಟ್ಟಿ ನಿಂತಿದ್ದವು. ಅವುಗಳೆಲ್ಲದರ ಹಿಂದೆ ಇನ್ನೊಂದಿತ್ತು, ಅದನ್ನು ಅವಳು ನೋಡಲೊಲ್ಲದೆ ನೋಡಿದಳು: ಇವತ್ತು ಇವನು ಬಿಡುಗಡೆಯಾದರೆ ಇವತ್ತೇ ಸಂಜೆ ಊರಿನಲ್ಲಿರುತ್ತಾನೆ.

"ಇಲ್ಲ ಮೇಡಂ" ಎಂದಳು. ದನಿ ಎಷ್ಟು ಸಹಜವಾಗಿ ಬಂತೆಂದರೆ, ಬೇರೆ ಯಾರೋ ಹೇಳಿದರೆಂದು ಅವಳೇ ಅತ್ತಿತ್ತ ನೋಡಿದಳು.

ಆಗ ಅವನು ತಿರುಗಿದ. ನೋಟದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಬಿಚ್ಚಿಟ್ಟ ಬೀಗದಲ್ಲಿ ಕೆಟ್ಟಿರುವುದು ಯಾವ ತುಂಡು ಎಂದು ಗೊತ್ತಾದಾಗ ಅವನು ಹಾಗೆ ನೋಡುತ್ತಿದ್ದನೇನೋ.

ಒಳಗೆ ಎಲ್ಲ ಬೇಗ ಮುಗಿಯಿತು. ಷರತ್ತು ಮುರಿದಿದ್ದಾನೆ, ಎಲ್ಲಿದ್ದನೆಂದು ಹೇಳುತ್ತಿಲ್ಲ ಎಂದರು ಸರ್ಕಾರಿ ವಕೀಲರು. ಒಂದು ಸಲದ ಮರೆವು ಎಂದು ಮೇಡಂ ವಾದಿಸಿದರು, ಆದರೆ ದನಿಯಲ್ಲಿ ಕಸುವಿರಲಿಲ್ಲ. ಮ್ಯಾಜಿಸ್ಟ್ರೇಟರು ಅವನನ್ನೇ ಕೇಳಿದರು. ಅವನು ಕೈಮುಗಿದು ನಿಂತ. ಜಾಮೀನು ರದ್ದಾಯಿತು. ಈ ನಡುವೆ ಪೊಲೀಸರು ಚಾರ್ಜ್‌ಶೀಟನ್ನೂ ಹಾಕಿದ್ದರು. ಇನ್ನು ಹಕ್ಕು ಎಂದು ಕೇಳಲು ದಾರಿಯಿರಲಿಲ್ಲ, ವಿಚಾರಣೆ ಮುಗಿಯುವ ತನಕ ಒಳಗೆ. "ಎಷ್ಟೋ ಜನ ಹೀಗೇ. ತಮ್ಮ ಕಾಲಿಗೆ ತಾವೇ ಕೊಡಲಿ ಹಾಕ್ಕೋತಾರೆ. ಮನಸ್ಸಿಗೆ ಹಚ್ಕೋಬೇಡ" ಎಂದರು ಮೇಡಂ, ಹೊರಗೆ ಬಂದಮೇಲೆ, ಅವಳ ಭುಜದ ಮೇಲೆ ಕೈಯಿಟ್ಟು. ಆ ಕೈ ಅಲ್ಲಿಂದ ಯಾವಾಗ ಎದ್ದೀತೆಂದು ಅವಳು ಕಾದಳು.

ಮನೆಯಲ್ಲಿ ಅಮ್ಮ ಏನನ್ನೂ ಕೇಳಲಿಲ್ಲ. ಮುಖ ನೋಡಿಯೇ ತಿಳಿದುಕೊಂಡು, ಅವಳಿಗಿಷ್ಟವಾದದ್ದನ್ನು ಮಾಡಿ ಬಡಿಸಿದಳು. ಅವಳು ತಿಂದಳು, ಹಸಿವಾಗಿತ್ತು. ಕುರ್ಚಿಯೂ ಬಕೆಟ್ಟೂ ತಮ್ಮ ತಮ್ಮ ಜಾಗಕ್ಕೆ ಹೋದವು. ಅವಳಿಗೆ ಗಾಢವಾದ ನಿದ್ದೆ ಬಂತು, ಬೆಳಿಗ್ಗೆ ಎದ್ದಾಗ ಆ ನಿದ್ದೆಯನ್ನು ನೆನೆದು ಹೇಸಿಗೆಯಾಯಿತು. ಆಮೇಲೆ ಮೇಡಂ ಹತ್ತಿರ ಹೋಗಿ, ಪರೀಕ್ಷೆ ಹತ್ತಿರ ಬಂತು, ಆ ಕೇಸನ್ನು ಬೇರೆಯವರಿಗೆ ಕೊಡಿ ಎಂದು ಕೇಳಿಕೊಂಡಳು. ಪಾಯಿಂಟ್ ಹೋದ. ಹೋದಷ್ಟೇ ಬೇಗ ವಾಪಸು ಬಂದ. "ನನ್ನ ಹತ್ರ ಬಾಯೇ ಬಿಡಲ್ಲ ಮಾರಾಯ್ತಿ. ಆ ಲಾಯರಮ್ಮನೇ ಬರಲಿ ಅಂತಾನೆ. ಏನ್ ಮಾಟ ಮಾಡಿದೀಯೋ ಅವನಿಗೆ" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಜೈಲಿನ ಭೇಟಿ ಕೋಣೆಯಲ್ಲಿ ಕಿಟಕಿ ಎತ್ತರದಲ್ಲಿತ್ತು. ಬೆಳಕು ಗೋಡೆಯ ಅರ್ಧಕ್ಕೇ ನಿಂತುಬಿಡುತ್ತಿತ್ತು. ಇನ್ನೊಂದು ಮೂಲೆಯ ಮೇಜಿನಲ್ಲಿ ಪಾಯಿಂಟ್ ಯಾರಿಗೋ ಎರಡು ಬೆರಳೆತ್ತಿ ಬಿಡಿಸಿ ಹೇಳುತ್ತಿದ್ದ. ಬೀಗದವನು ಬಂದು ಎದುರಿನ ಕುರ್ಚಿಯಲ್ಲಿ ಕೂತ. ಈ ಸಲ ಅಂಚಿನ ಮೇಲಲ್ಲ. ಬೆನ್ನು ಪೂರ್ತಿ ಆನಿಸಿ, ಕೈಗಳನ್ನು ಮೇಜಿನ ಮೇಲಿಟ್ಟು, ಆರಾಮಾಗಿ. ಸೊರಗಿದ್ದ. ಉಗುರುಗಳ ಸಂದಿಯ ಎಣ್ಣೆಜಿಡ್ಡು ಹೋಗಿ ಬೆರಳುಗಳು ಬೆಳ್ಳಗೆ, ಬೇರೆ ಯಾರದೋ ಹಾಗೆ ಕಂಡವು.

"ನಿಮ್ಮಮ್ಮ ಚೆನ್ನಾಗಿದಾರಾ?"

"ಇದಾರೆ."

"ತಂಗಿ? ಬಾಳ ಚೂಟಿ ಆ ಹುಡುಗಿ."

ಅವಳು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು. ಹೊಸ ಅರ್ಜಿಗೆ ಕಾರಣಗಳನ್ನು ಕೇಳಬೇಕಿತ್ತು, ಮನೆಯ ಪರಿಸ್ಥಿತಿ, ಆರೋಗ್ಯ. ಅದರ ಬದಲು, ಪಾಯಿಂಟನಿಗೆ ಕೇಳಿಸದಂತೆ ಬಾಗಿ, "ಯಾಕೆ ಹೇಳಲಿಲ್ಲ ನೀವು? ಅವತ್ತು ಮೇಡಂ ಅಷ್ಟು ಕೇಳಿದ್ರು. ನಮ್ಮನೇಲಿದ್ದೆ ಅಂತ ಯಾಕೆ ಹೇಳಲಿಲ್ಲ?" ಎಂದಳು. ಕೇಳುವಾಗಲೇ ಅದು ಅವನ ಮೇಲಿನ ದೂರಿನಂತೆ ಕೇಳಿಸಿತು.

ಅವನು ಅವಸರ ಮಾಡಲಿಲ್ಲ. "ಹೇಳಿದ್ರೆ ನಿಮ್ಮನ್ನ ಕೇಳ್ತಿದ್ರು. ನೀವು ಇಲ್ಲ ಅಂದುಬಿಟ್ಟಿದ್ರೆ?"

"ನಾನು..."

"ಅಂದ್ರಲ್ಲ. ನಾನು ಹೆಸರು ಹೇಳದೇನೇ ಅಂದ್ರಿ. ಹೆಸರು ಹೇಳಿ, ನೀವು ಇಲ್ಲ ಅಂದಿದ್ರೆ, ಲಾಯರ ಮನೆ ಮೇಲೆ ಸುಳ್ಳು ಹೇಳ್ದ ಅಂತ ಅದೊಂದು ಸೇರ್ತಿತ್ತು. ಆಮೇಲೆ ನೀವೂ ಬರ್ತಿರಲಿಲ್ಲ." ಅವನ ದನಿಯಲ್ಲಿ ಕಹಿಯಿರಲಿಲ್ಲ, ಎರಡು ಬೆಲೆ ಕೇಳಿ ಅಗ್ಗದ್ದನ್ನು ಕೊಂಡವನ ಸಮಾಧಾನವಿತ್ತು. "ಈಗ ನೀವಾದ್ರೂ ಇದೀರ. ಎಷ್ಟು ವರ್ಷ ಆದ್ರೂ ನನ್ನ ಕೇಸು ನೀವು ಬಿಡಲ್ಲ. ನನಗೆ ಗೊತ್ತು."

ಇದು ಬೆದರಿಕೆಯೋ ನಂಬಿಕೆಯೋ? ಅವನ ಮುಖದಲ್ಲಿ ಹುಡುಕಿದಳು. ಅದು ಎಂದಿನ ಮುಖವೇ, ತಲೆ ವಾರೆ ಮಾಡಿ ಮಾತು ಕೇಳುವ ಮುಖ. ಆ ಮುಖ ಹಾಸಿಗೆಯ ಮೇಲೆ ಎದ್ದು ಕೂತ ಮುದುಕಿಯ ಮುಂದೆ ಕತ್ತಲೆಯಲ್ಲಿ ನಿಂತಿತ್ತೋ, ಅಥವಾ ಆ ಹೊತ್ತಿಗೆ ತನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿತ್ತೋ. ನಿಂತಿದ್ದರೆ, ಆಗ ತಾನು ಕಾರಿಡಾರಿನಲ್ಲಿ ಹೇಳಿದ 'ಇಲ್ಲ' ಅಷ್ಟೇನೂ ಕೆಟ್ಟದ್ದಲ್ಲ. ಒಂದು ತಪ್ಪಿಗೆ ಅಲ್ಲದಿದ್ದರೂ ಇನ್ನೊಂದಕ್ಕೆ ಸಲ್ಲಬೇಕಾದ ಜಾಗದಲ್ಲೇ ಅವನು ಇದ್ದಾನೆ. ನಿಂತಿರದಿದ್ದರೆ? ಅಲ್ಲಿಂದ ಮುಂದಕ್ಕೆ ಯೋಚನೆ ಹೋಗುತ್ತಿರಲಿಲ್ಲ, ಗೋಡೆಯ ಮೇಲಿನ ಬೆಳಕಿನ ಹಾಗೆ ಅರ್ಧಕ್ಕೇ ನಿಲ್ಲುತ್ತಿತ್ತು. ಕೇಳಬಾರದೆಂದು ಮೇಡಂ ಹೇಳಿದ್ದ ಪ್ರಶ್ನೆ ಅವಳ ಬಾಯಿಂದ ಪಿಸುಮಾತಾಗಿ ಹೊರಟಿತು.

"ಆ ಟೀಚರಮ್ಮನ ಮನೇಗೆ ಹೋಗಿದ್ದು... ನೀವೇನಾ?"

ಅವನು ಅವಳನ್ನು ನೋಡಿದ. ಇಷ್ಟು ದಿನದಲ್ಲಿ ಮೊದಲ ಸಲ ಅವನ ಕಣ್ಣುಗಳಲ್ಲಿ ಏನೋ ಕೆಳಗಿಳಿಯಿತು.

"ಈಗ ಕೇಳ್ತಿದೀರಾ ಲಾಯರಮ್ಮ?"

ಅವಳು ಪೆನ್ನನ್ನು ಮೇಜಿನ ಮೇಲಿಟ್ಟಳು.

"ಹೌದು ಅಂದ್ರೆ ನಿಮಗೆ ಸಮಾಧಾನ ಆಗುತ್ತಾ?"

ಆಗುವುದಿಲ್ಲ ಎನ್ನಬೇಕಿತ್ತು. ನಿಜ ಏನಿದೆಯೋ ಅದನ್ನು ಹೇಳಿ ಎನ್ನಬೇಕಿತ್ತು. ಕನಿಷ್ಠ ಕ್ಷಮಿಸಿ ಎನ್ನಬಹುದಿತ್ತು. ಆ ಮೂಲೆಯಲ್ಲಿ ಪಾಯಿಂಟ್ ಕುರ್ಚಿ ಹಿಂದೆ ಸರಿಸಿ ಎದ್ದ ಸದ್ದಾಯಿತು. ಸಮಯವಾಯಿತೆಂದು ಜೈಲಿನ ಪೇದೆ ಬಾಗಿಲಿಗೆ ಲಾಠಿ ಬಡಿದ.

"ಹೇಳಿ" ಎಂದಳು.

ಅವನು ಎದ್ದು ನಿಂತು, ಮೇಜಿನ ಮೇಲಿದ್ದ ಕೈಗಳನ್ನು ತನ್ನ ಕಡೆ ಎಳೆದುಕೊಂಡ.

"ಹಾಗಾದ್ರೆ ಹೌದು ಅಂತ ಇಟ್ಕೊಳ್ಳಿ."

ಅವಳ ಹೆಗಲು ಸಡಿಲವಾಗಿ ಕೆಳಗಿಳಿಯಿತು, ಎಷ್ಟೋ ದಿನದಿಂದ ಎದೆಯೊಳಗೆ ಅರ್ಧಕ್ಕೇ ನಿಂತಿದ್ದ ಉಸಿರು ಪೂರ್ತಿ ಹೊರಬಂತು. ಅವಳಿಗೆ ಸಮಾಧಾನವಾಯಿತು. ಮೇಜಿನ ಆಚೆ ನಿಂತು ಅವನು ಅದನ್ನು ನೋಡುತ್ತಿದ್ದ.